ಮೊಂಡೋ ಹುಲ್ಲಿಗೆ ತೆನೆ ಬಂದದ್ದು

ಪ್ರೇಮನಾಥ ಮಾಷ್ಟ್ರು ಮೂವತ್ತೊಂದು ವರ್ಷ ಕೇರಳದ ಗಡಿಯ ಕನ್ನಡ ಶಾಲೆಯಲ್ಲಿ ಮಕ್ಕಳ ತಲೆಯೊಳಗೆ ವಿದ್ಯೆ ಬಿತ್ತಿದವರು. ಬಿತ್ತಿದ್ದರಲ್ಲಿ ಎಷ್ಟು ಮೊಳೆಯಿತು ಎಂದು ಕೇಳುವ ಧೈರ್ಯ ಯಾವ ಪೋಷಕರಿಗೂ ಇರಲಿಲ್ಲ. ಹಾಗಾಗಿ ನಿವೃತ್ತರಾದ ಮೇಲೆ ಮಣ್ಣಿಗೆ ಕೈ ಹಾಕಲು ಹೊರಟಾಗ, ಅಲ್ಲಿ ಸೋಲು ಎಂಬುದೊಂದು ಇರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ.

2017ರ ಮೇ ತಿಂಗಳ ಒಂದು ಬೆಳಿಗ್ಗೆ ಅವರು ಚಾ ಕುಡಿದು ಮುಗಿಸಿ, ಜಗಲಿಯ ಮೆಟ್ಟಿಲ ಮೇಲೆ ನಿಂತು, ಧ್ವಜ ಹಾರಿಸಿ ಭಾಷಣ ಮಾಡುವ ದನಿಯಲ್ಲಿ ಘೋಷಿಸಿದರು.

“ಕಮಲಾ, ಕುಂಬಳೆಯಿಂದ ಬದಿಯಡ್ಕದವರೆಗೆ ನಮ್ಮದರ ಹಾಗಿನ ಅಂಗಳ ಇನ್ನೊಂದು ಇರಬಾರದು. ಹಾಗೆ ಮಾಡಿ ತೋರಿಸ್ತೇನೆ.”

ಕಮಲಕ್ಕ ಅಂಗಳದ ಬಸಳೆ ಚಪ್ಪರದ ಕೆಳಗೆ ನಿಂತು ಮಧ್ಯಾಹ್ನದ ಪದಾರ್ಥಕ್ಕೆ ದಂಟು ಮುರಿಯುತ್ತಿದ್ದರು. ಗಂಡನ ಘೋಷಣೆಗಳು ಅವರಿಗೆ ಹೊಸತಲ್ಲ. ಜೇನು ಸಾಕುವ ಘೋಷಣೆಯಾದಾಗ ಮಾಷ್ಟ್ರ ಮುಖ ಎರಡು ವಾರ ಹಲಸಿನಕಾಯಿಯ ಗಾತ್ರಕ್ಕೆ ಊದಿತ್ತು. ಅಣಬೆ ಬೆಳೆಯುವ ಘೋಷಣೆಯಾದಾಗ ಅಣಬೆ ಒಂದನ್ನು ಬಿಟ್ಟು ಉಳಿದೆಲ್ಲವೂ ಮಂಚದಡಿಯಲ್ಲಿ ಬೆಳೆದಿತ್ತು. ಶಾಲೆಯವರು ಹಳೆಯ ಬೆಂಚುಗಳನ್ನು ವಿಲೇವಾರಿ ಮಾಡಿದಾಗ ಒಂದನ್ನು ಹೊತ್ತು ತಂದು, ಅದನ್ನು ಸೋಫಾ ಮಾಡುತ್ತೇನೆಂದು ಘೋಷಿಸಿದ್ದರು. ಅದು ಇವತ್ತಿಗೂ ಬೆಂಚಾಗಿಯೇ ಜಗಲಿಯಲ್ಲಿತ್ತು.

ಈ ಸಲದ ಘೋಷಣೆಯ ಮೂಲ ಮಂಗಳೂರು. ತಂಗಿಯ ಮಗಳ ಹೊಸ ಮನೆಯ ಒಕ್ಕಲಿಗೆ ಹೋದ ಮಾಷ್ಟ್ರು ಅವಳ ಅಂಗಳ ನೋಡಿ ಊಟದ ಪಂಕ್ತಿಯನ್ನೇ ಮರೆತಿದ್ದರು. ಗೇಟಿನಿಂದ ಬಾಗಿಲವರೆಗೆ ಕಡುಹಸುರು ಎಳೆಗಳ ಗುಚ್ಛ, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ. ಹೆಸರು ಮೊಂಡೋ ಗ್ರಾಸ್. ಅದು ನಿಜವಾಗಿ ಹುಲ್ಲೇ ಅಲ್ಲ, ಹುಲ್ಲಿನ ಹಾಗೆ ಕಾಣುವುದು ಮಾತ್ರ ಎಂದು ನರ್ಸರಿಯವನು ತಿಳಿಸಿದ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ನೆಲ ಹಿಡಿದು ಕೂರುತ್ತದೆ, ಕತ್ತರಿಸಬೇಕಿಲ್ಲ, ದನ ಮುಟ್ಟುವುದಿಲ್ಲ, ಸ್ವಲ್ಪ ನೆರಳು ಸಿಕ್ಕಿದರೆ ಸಾಕು ಎಂದೂ ಹೇಳಿದ. ಕುರ್ಚಿಯಲ್ಲಿ ಕೂತು ನೋಡುವುದಷ್ಟೇ ಕೆಲಸವಾಗಿರುವ ಈ ಕೃಷಿ ಮಾಷ್ಟ್ರಿಗೆ ಬಹಳ ಹಿಡಿಸಿತು.

“ಹೆಸರಲ್ಲೇ ಮೊಂಡು ಉಂಟಲ್ಲ,” ಎಂದರು ಕಮಲಕ್ಕ. “ಅದನ್ನು ನೆಡುವುದು ಎಲ್ಲಿ?”

ಮಾಷ್ಟ್ರು ಬಸಳೆ ಚಪ್ಪರವನ್ನು ನೋಡಿದರು. ಆಮೇಲೆ ಬೇಗನೆ ಆಕಾಶವನ್ನು ನೋಡಿದರು.

ಆ ಚಪ್ಪರಕ್ಕೆ ಹತ್ತೊಂಬತ್ತು ವರ್ಷ. ಒಣ ಸಿಗಡಿ ಹಾಕಿದ ಕಮಲಕ್ಕನ ಬಸಳೆ ಪದಾರ್ಥ ಉಂಡವರು ಮನೆಗೆ ಹೊರಡುವಾಗ ಒಂದು ಕಟ್ಟು ದಂಟನ್ನೂ ಕಂಕುಳಲ್ಲಿ ಇರುಕಿಕೊಂಡೇ ಹೋಗುತ್ತಿದ್ದರು. ಊರಿನಲ್ಲಿ ಕಮಲಕ್ಕನ ಹೆಸರು ನಿಂತದ್ದು ಆ ಚಪ್ಪರದ ನಾಲ್ಕು ಕಂಬಗಳ ಮೇಲೆ. ಅದನ್ನು ಕಿತ್ತು ತಿನ್ನಲಾಗದ ಹುಲ್ಲು ನೆಡುವುದೆಂದರೆ ಬೇರೆ ಯಾವ ಹೆಂಗಸಾದರೂ ತವರಿನ ದಾರಿ ಹಿಡಿಯುತ್ತಿದ್ದಳು. ಕಮಲಕ್ಕ ಹಿಡಿದದ್ದು ಶರತ್ತಿನ ದಾರಿ.

“ಕೀಳಿ. ಆದರೆ ಸೋಣ ಸಂಕ್ರಮಣದ ಒಳಗೆ ಹೊರಗಿನವರು ಒಬ್ಬರಾದರೂ ನಿಮ್ಮ ಹುಲ್ಲು ನೋಡಿ ಚೆಂದ ಉಂಟು ಅಂತ ಹೇಳಬೇಕು. ಇಲ್ಲದಿದ್ದರೆ ಇದೇ ಜಾಗದಲ್ಲಿ ಚಪ್ಪರ ನೀವೇ ಹಾಕಿಕೊಡಬೇಕು. ಆಳು ಕರೆಯಲಿಕ್ಕಿಲ್ಲ.”

ಸೋಣ ಬರುವುದು ಆಗಸ್ಟಿನ ನಡುವಿಗೆ. ಮೂರು ತಿಂಗಳಲ್ಲಿ ಒಬ್ಬನೇ ಒಬ್ಬನ ಹೊಗಳಿಕೆ. ಇದೂ ಒಂದು ಶರತ್ತಾ ಎಂದು ಮಾಷ್ಟ್ರು ನಕ್ಕುಬಿಟ್ಟರು. ಜೀವಮಾನದಲ್ಲಿ ಗೋಡೆಗೊಂದು ಮೊಳೆ ಹೊಡೆದು ಗೊತ್ತಿಲ್ಲದ ಮನುಷ್ಯ ಚಪ್ಪರ ಹಾಕುವ ಶರತ್ತಿಗೆ ಒಪ್ಪಿದ್ದು ಆ ನಗುವಿನ ಭರದಲ್ಲಿ.

ಚಪ್ಪರ ಕಿತ್ತ ಜಾಗದಲ್ಲಿ ಗಿಡ ನೆಡಲು ಬಂದವಳು ಕಿನ್ನಿ. ಎಪ್ಪತ್ತು ದಾಟಿದ ಕಿನ್ನಿ ಹರೆಯದಿಂದ ಊರಿನ ಬೈಲಿನ ಗದ್ದೆಗಳಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಟ್ಟವಳು. ಬೈಲಿಗೆ ಮಣ್ಣು ತುಂಬಿಸಿ ಕಲ್ಯಾಣಮಂಟಪ ಕಟ್ಟಿದ ಮೇಲೆ ಅವಳ ಕೈಗೆ ನೇಜಿ ಸಿಕ್ಕಿ ಹದಿನೈದು ವರ್ಷವಾಗಿತ್ತು. ಕಿವಿಯೂ ಅಷ್ಟೇ ಕಾಲದಿಂದ ಮಂದ. ತನಗೆ ಕೇಳಿಸದ ಕಾರಣ ಉಳಿದವರಿಗೂ ಕೇಳಿಸದೆಂದು ಅವಳ ನಂಬಿಕೆ. ಆದ್ದರಿಂದ ಅವಳ ಪಿಸುಮಾತು ಕೂಡ ಮೂರು ಮನೆ ಆಚೆಗೆ ಕೇಳಿಸುತ್ತಿತ್ತು.

ಮಾಷ್ಟ್ರು ಕುರ್ಚಿ ಹಾಕಿ ಕೂತು ನರ್ಸರಿಯವನ ಚೀಟಿಯನ್ನು ಪಾಠದ ಹಾಗೆ ಓದಿದರು. ಮಣ್ಣು ಹುಡಿಯಾಗಿರಬೇಕು, ನೀರು ನಿಲ್ಲಬಾರದು, ಬುಡ ಹೂತುಹೋಗಬಾರದು, ಸಾಲು ಹಿಡಿಯದೆ ಅಲ್ಲಲ್ಲಿ ಚದುರಿಸಿ ನೆಡಬೇಕು. ಕಿನ್ನಿ ಎಲ್ಲದಕ್ಕೂ ತಲೆಯಾಡಿಸಿದಳು. ಆಮೇಲೆ ಮಾಷ್ಟ್ರು ಊಟ ಮಾಡಿ ಮಲಗಿದರು. ಆ ಮಧ್ಯಾಹ್ನವೇ ಮೊದಲ ಮಳೆ ಹೊಡೆಯಿತು.

ಮಳೆ, ಕೆಸರು, ಕೈಯಲ್ಲಿ ಹಸುರು ಕಟ್ಟು. ಕಿನ್ನಿಗೆ ಇನ್ನೇನು ಬೇಕು? ಮಣ್ಣನ್ನು ಕಾಲಲ್ಲಿ ತುಳಿದು ಕಲಸಿದಳು, ಬದಿಗೆ ಸಣ್ಣ ಬದು ಕಟ್ಟಿದಳು, ಸೊಂಟ ಬಗ್ಗಿಸಿ ಹಿಂದಕ್ಕೆ ಹೆಜ್ಜೆಯಿಡುತ್ತ ಮೂರು ಮೂರು ಎಳೆ ಹಿಡಿದು ಹೆಬ್ಬೆರಳಲ್ಲಿ ಒತ್ತುತ್ತ ಹೋದಳು. ಮಾಷ್ಟ್ರು ನಾಲ್ಕು ಗಂಟೆಗೆ ಎದ್ದು ಬಂದು ನೋಡಿದರೆ ಅಂಗಳ ಮಾಯವಾಗಿ ಮನೆಯೆದುರು ಒಂದು ಗದ್ದೆ ಹಾಸಿಕೊಂಡಿತ್ತು.

“ಇದು ಯಾವ ಜಾತಿ ನೇಜಿ ಮಾಷ್ಟ್ರೇ? ಬುಡದಲ್ಲಿ ಸಣ್ಣ ಗೆಡ್ಡೆ ಉಂಟು,” ಎಂದು ಕಿನ್ನಿ ಕೈ ತೊಳೆಯುತ್ತ ಕೇಳಿದಳು.

“ನೇಜಿ ಅಲ್ಲ ಕಿನ್ನಿ, ಇದು ಚೆಂದಕ್ಕೆ,” ಎಂದು ಮಾಷ್ಟ್ರು ಕೂಗಿ ಹೇಳಿದರು.

“ತಿನ್ನಲಿಕ್ಕಿಲ್ಲದ್ದನ್ನು ನೆಟ್ಟದ್ದು ನಾನು ಇದೇ ಮೊದಲು,” ಎಂದು ಹೇಳಿ ಕಿನ್ನಿ ಚಾ ಕುಡಿಯಲು ಹಿಂದಿನ ಬಾಗಿಲಿಗೆ ಹೋದಳು.

ಜೂನ್ ಬಂತು. ಅಡ್ಡದಾರಿಯ ಇಕ್ಕೆಲದಲ್ಲಿ ಯಾರೂ ನೆಡದ ಹುಲ್ಲು ಸೊಂಟದೆತ್ತರ ಬೆಳೆಯಿತು. ನೆಟ್ಟ ಹುಲ್ಲು ಮಾತ್ರ ನೆಟ್ಟಷ್ಟೇ ಇತ್ತು. ಮಾಷ್ಟ್ರು ಪ್ರತಿ ಆದಿತ್ಯವಾರ ಶಾಲೆಯ ಸ್ಕೇಲು ಹಿಡಿದು ಅಳೆದರು. ಮೊದಲ ವಾರ ಹನ್ನೊಂದು ಸೆಂಟಿಮೀಟರು, ಐದನೇ ವಾರವೂ ಹನ್ನೊಂದು. ಸ್ಕೇಲೇ ಹಾಳಾಗಿರಬೇಕೆಂದು ಕುಂಬಳೆಗೆ ಹೋಗಿ ಹೊಸ ಸ್ಕೇಲು ತಂದು ಅಳೆದರೆ ಹತ್ತೂವರೆ ಬಂತು. ಮೊಂಡೋ ಗ್ರಾಸ್ ನಿಧಾನಕ್ಕೆ ಬೆಳೆಯುವ ಜಾತಿ ಎಂಬ ಒಂದು ಸಣ್ಣ ಸಂಗತಿಯನ್ನು ನರ್ಸರಿಯವನು ಚೀಟಿಯ ಹಿಂಬದಿಯಲ್ಲಿ ಬರೆದಿದ್ದ. ಮಾಷ್ಟ್ರು ಹಿಂಬದಿ ಓದಿರಲಿಲ್ಲ.

ಹೊಗಳಿಕೆಯ ಸುದ್ದಿಯಂತೂ ಇಲ್ಲ. ಅಂಗಳ ಕಾಡು ಬಿದ್ದಿದೆ, ಹಾವು ಬಂದೀತು, ಬೇಗ ತೆಗೆಸಿ ಎಂದು ಪೋಸ್ಟ್‌ಮ್ಯಾನ್ ಎಚ್ಚರಿಸಿದ. ನೆರೆಮನೆಯ ಆಟೋದ ಕೋಯ ಕೂಲಿಯಿಲ್ಲದೆ ತನ್ನ ಆಡನ್ನು ಎರಡು ದಿನ ಇಲ್ಲಿ ತಂದು ಕಟ್ಟುತ್ತೇನೆಂದು ದೊಡ್ಡ ಮನಸ್ಸು ತೋರಿಸಿದ. ಸೋಣಕ್ಕೆ ಹತ್ತು ದಿನ ಇರುವಾಗ ಕಮಲಕ್ಕ ಬಿದಿರಿನ ಕಂಬ ಎಲ್ಲಿ ಒಳ್ಳೆಯದು ಸಿಗುತ್ತದೆಂದು ಗಂಡನಿಗೆ ಕೇಳಿಸುವ ಹಾಗೆ ಫೋನಿನಲ್ಲಿ ವಿಚಾರಿಸತೊಡಗಿದರು. ಹಿತ್ತಿಲಿನ ಚಟ್ಟಿಯಲ್ಲಿ ಅವರು ಉಳಿಸಿಕೊಂಡಿದ್ದ ಬಸಳೆ ಬಳ್ಳಿ ಆಗಲೇ ಬಾವಿಕಟ್ಟೆ ಹತ್ತಿತ್ತು.

ಆ ಹೊತ್ತಿಗೆ ಬಂದ ನೋಡಿ ಲೋಕಯ್ಯ!

ಲೋಕಯ್ಯ ನಮ್ಮ ವಾರ್ಡಿನ ಪಂಚಾಯತ್ ಮೆಂಬರ್, ಮಾಷ್ಟ್ರ ಹಳೆಯ ಶಿಷ್ಯ. ಅವನಿಗೆ ಬಂದಿದ್ದ ಕಷ್ಟ ಬೇರೆ. ಆ ವರ್ಷ ಪ್ರತಿ ವಾರ್ಡಿನಲ್ಲಿ ಒಂದು ಕಡೆಯಾದರೂ ಕರನೆಲ್ಲು, ಅಂದರೆ ಗದ್ದೆಯಲ್ಲದ ಜಾಗದಲ್ಲಿ ಭತ್ತ, ಬೆಳೆಸಿ ತೋರಿಸಬೇಕೆಂದು ಮೇಲಿನಿಂದ ಆದೇಶವಾಗಿತ್ತು. ಹಂಚಲು ಕೊಟ್ಟ ಬಿತ್ತನೆ ಭತ್ತದ ಚೀಲವನ್ನು ಲೋಕಯ್ಯ ಅಟ್ಟದಲ್ಲಿಟ್ಟು ಮರೆತಿದ್ದ. ಹೆಗ್ಗಣಗಳು ಮರೆತಿರಲಿಲ್ಲ. ಎಲ್ಲ ವಾರ್ಡುಗಳಿಂದಲೂ ಫೋಟೋ ಹೋಗಿ, ಇವನ ವಾರ್ಡಿನದ್ದು ಮಾತ್ರ ಬಾಕಿಯಾಗಿ, ಅಧ್ಯಕ್ಷರ ಬೈಗುಳ ದಿನಕ್ಕೆರಡು ಸಲ ಬರುತ್ತಿತ್ತು. ಅಂಥ ಮನುಷ್ಯ ಕೊಡೆ ಹಿಡಿದು ಮಾಷ್ಟ್ರ ಗೇಟಿನೆದುರು ಹಾದುಹೋಗುವಾಗ ಕಂಡದ್ದು ಸಾಲು ಸಾಲು ಹಸುರು, ಕಾಲಡಿಯಲ್ಲಿ ಕೆಂಪು ನೀರು, ಸುತ್ತ ಬದು.

“ಮಾಷ್ಟ್ರೇ, ಎಂಥ ಚೆಂದ ಉಂಟು ಮಾರಾಯ್ರೆ,” ಎಂದನು ಅವನು.

ಮಾಷ್ಟ್ರು ಜಗಲಿಯಿಂದ ಹಾರಿದರು. ಅರುವತ್ತರ ಮನುಷ್ಯ ಹಾಗೆ ಹಾರಿದ್ದನ್ನು ಆ ಜಗಲಿ ನೋಡಿರಲಿಲ್ಲ. ಕಮಲಾ, ಒಮ್ಮೆ ಇಲ್ಲಿ ಬಾ, ಮೆಂಬರ್ ಎಂತದೋ ಹೇಳ್ತಿದ್ದಾನೆ ಎಂದು ಒಳಗೆ ಕೂಗಿದರು. ಕಮಲಕ್ಕ ಸೌಟು ಹಿಡಿದುಕೊಂಡೇ ಬಂದರು. ಇಡೀ ವಾರ್ಡಿನಲ್ಲಿ ಇಂಥ ಚೆಂದದ್ದು ಇನ್ನೊಂದಿಲ್ಲವೆಂದು ಲೋಕಯ್ಯ ಅವರೆದುರು ಮತ್ತೊಮ್ಮೆ ಹೇಳಿದ. ಮಾಷ್ಟ್ರು ಹೆಂಡತಿಯ ಮುಖ ನೋಡಿದರು. ಗೆದ್ದಾಗಿತ್ತು.

“ಅಂಗಳದಲ್ಲಿ ಭತ್ತ ಬೆಳೆಸಿದಿರಲ್ಲ,” ಎಂದು ಲೋಕಯ್ಯ ಮುಂದುವರಿಸಿದ, “ನಿಮ್ಮ ಕಾಲು ಹಿಡಿಯಬೇಕು.”

ಮಾಷ್ಟ್ರು ಬಾಯಿ ತೆರೆದರು. ಇದು ಭತ್ತವಲ್ಲವೆಂದರೆ ಹೊಗಳಿಕೆ ವಾಪಸು ಹೋಗುತ್ತದೆ, ಅದರ ಹಿಂದೆಯೇ ಚಪ್ಪರ ಬರುತ್ತದೆ. ಕಮಲಕ್ಕ ಸೌಟು ಹಿಡಿದು ಕಾಯುತ್ತಿದ್ದರು. ಮಾಷ್ಟ್ರು ತೆರೆದ ಬಾಯಿಯಲ್ಲಿ ಒಂದು ಆಕಳಿಕೆ ತೆಗೆದು ಮುಚ್ಚಿದರು.

“ಅಷ್ಟೇನಿಲ್ಲ ಲೋಕಯ್ಯ, ಸುಮ್ಮನೆ ಒಂದು ಪ್ರಯತ್ನ,” ಎಂದರು.

ಇದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ ಎಂದು ಅವರು ಆಮೇಲೆ ತಮಗೆ ತಾವೇ ಹಲವು ಸಲ ಸಮಜಾಯಿಷಿ ಕೊಟ್ಟುಕೊಂಡರು. ಅವರ ಕ್ಲಾಸಿನಲ್ಲಿ ಸುಳ್ಳು ಹೇಳಿದವರು ಬೆಂಚಿನ ಮೇಲೆ ನಿಲ್ಲಬೇಕಿತ್ತು. ಮನೆಲೆಕ್ಕ ಮಾಡದೆ ಮಾಡಿದ್ದೇನೆಂದ ತಪ್ಪಿಗೆ ಇದೇ ಲೋಕಯ್ಯ ನಾಲ್ಕನೇ ಕ್ಲಾಸಿನಲ್ಲಿ ಒಂದು ಪೀರಿಯಡ್ ಪೂರ್ತಿ ನಿಂತಿದ್ದ. ಸುಮ್ಮನಿದ್ದವರಿಗೆ ಏನು ಶಿಕ್ಷೆ ಎಂದು ಆಗ ಯೋಚಿಸಿರಲಿಲ್ಲ.

ಲೋಕಯ್ಯ ಮೊಬೈಲಿನಲ್ಲಿ ಹನ್ನೆರಡು ಫೋಟೋ ತೆಗೆದ. ಅವು ವಾರ್ಡಿನ ವಾಟ್ಸಾಪ್ ಗುಂಪಿಗೆ ಹೋದವು, ಅಲ್ಲಿಂದ ಅಧ್ಯಕ್ಷರಿಗೆ, ಅಲ್ಲಿಂದ ಕೃಷಿ ಕಚೇರಿಗೆ. ಮರುದಿನ ಲೋಕಯ್ಯ ಮಲಯಾಳದ ಒಂದು ಅರ್ಜಿ ತಂದ. ಮಾಷ್ಟ್ರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಅಕ್ಷರಗಳು ಜಿಲೇಬಿಯ ಹಾಗೆ ಸುತ್ತಿಕೊಳ್ಳುತ್ತವೆ. ಅದನ್ನು ಶಿಷ್ಯನೆದುರು ಒಪ್ಪಿಕೊಳ್ಳುವುದುಂಟೇ? ಕನ್ನಡಕ ಏರಿಸಿ, ಮೂರು ಪುಟದ ಮೇಲೆ ಗಂಭೀರವಾಗಿ ಕಣ್ಣಾಡಿಸಿ, ಎರಡು ಕಡೆ ಹೂಂ ಎಂದು ಸಹಿ ಹಾಕಿದರು.

ಹೀಗೆ ಸೋಣ ಹುಟ್ಟಿದ ದಿನ, ಮಲಯಾಳ ಲೆಕ್ಕದ ಚಿಂಗಂ ಒಂದಕ್ಕೆ, ಕೇರಳವಿಡೀ ಕೃಷಿಕರ ದಿನ ಆಚರಿಸುವಾಗ, ಒಂದು ಸೇರು ಅಕ್ಕಿಯನ್ನೂ ಬೆಳೆಯದ ಪ್ರೇಮನಾಥ ಮಾಷ್ಟ್ರು ಪಂಚಾಯತ್ ಹಾಲಿನ ವೇದಿಕೆಯಲ್ಲಿ ಮಾದರಿ ಭತ್ತ ಕೃಷಿಕರಾಗಿ ಶಾಲು ಹೊದ್ದು ಕೂತಿದ್ದರು. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದು ಎರಡು ವಾರವಾಗಿದ್ದ ಕೃಷಿ ಅಧಿಕಾರಿ ಮಲಯಾಳದಲ್ಲಿ ಹೊಗಳಿದರು. ಲೋಕಯ್ಯ ಅದನ್ನು ಕನ್ನಡಕ್ಕೆ ತಿರುಗಿಸುವಾಗ ಒಂದಕ್ಕೆರಡು ಸೇರಿಸಿದ. ಗಾಳಿಗೆ ಬೀಳದ ಗಿಡ್ಡ ತಳಿ, ಹಂದಿ ಮುಟ್ಟದ ತಳಿ, ನವಿಲು ಹತ್ತಿರ ಸುಳಿಯದ ತಳಿ. ಅದರಲ್ಲೂ ಒಂದು ಅಕ್ಷರ ಸುಳ್ಳಿರಲಿಲ್ಲ. ಮಾಷ್ಟ್ರು ಉತ್ತರ ಭಾಷಣದಲ್ಲಿ ಮಣ್ಣು, ಮಳೆ, ತಾಳ್ಮೆ ಎಂದು ಅರ್ಧ ಗಂಟೆ ಮಾತಾಡಿದರು. ಭತ್ತ ಎಂಬ ಎರಡಕ್ಷರ ಬಾರದ ಹಾಗೆ ಅವರು ನಡೆಸಿದ ಜಾಗ್ರತೆ ಕಮಲಕ್ಕನಿಗೆ ಮಾತ್ರ ಗೊತ್ತಾಯಿತು.

ಅಷ್ಟರಲ್ಲಿ ಮುಗಿದಿದ್ದರೆ ಮಾಷ್ಟ್ರು ಬಚಾವಾಗುತ್ತಿದ್ದರು. ಆದರೆ ಲೋಕಯ್ಯನ ಕೈಯಲ್ಲಿ ಇನ್ನೂ ಮೈಕ್ ಇತ್ತು. ಮುಂದಿನ ತಿಂಗಳು ಮನೆ ತುಂಬಿಸುವ ಹಬ್ಬ. ಹೊಸ ತೆನೆಯನ್ನು ತಲೆಯ ಮೇಲೆ ಹೊತ್ತು ತಂದು ಕಂಬಕ್ಕೂ ಬಾಗಿಲಿಗೂ ಕಟ್ಟುವ ದಿನ. ಊರಲ್ಲಿ ಗದ್ದೆಯಿಲ್ಲದೆ ಇಷ್ಟು ವರ್ಷ ಪೇಟೆಯಿಂದ ತೆನೆ ತಂದು ಕಟ್ಟಿದ್ದು ಸಾಕು, ಈ ವರ್ಷ ಇಡೀ ವಾರ್ಡಿನ ಮನೆಗಳಿಗೆ ಮಾಷ್ಟ್ರ ಅಂಗಳದ ತೆನೆ ಎಂದು ಅವನು ಸಾರಿಬಿಟ್ಟ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮಾಷ್ಟ್ರಿಗೆ ಶಾಲಿನೊಳಗೆ ಬೆವರು ಇಳಿಯಿತು.

ಆ ತಿಂಗಳು ಅವರು ಪಟ್ಟ ಪಾಡು ಶತ್ರುವಿಗೂ ಬೇಡ. ಲೋಕಯ್ಯ ಎರಡು ದಿನಕ್ಕೊಮ್ಮೆ ಗೇಟಿನಿಂದ ಕತ್ತು ಹಾಕಿ ತೆನೆಯ ಹೊಡೆ ಬಂತಾ ಮಾಷ್ಟ್ರೇ ಎಂದು ಕೇಳುವನು. ತಡವಾಗಿ ಬರುವ ತಳಿ ಎಂದು ಮಾಷ್ಟ್ರು ಹೇಳುವರು. ಹುಲ್ಲಿನ ಬುಡದಲ್ಲಿ ನಾಲ್ಕು ನೀಲಿ ಮಣಿ ಕಾಣಿಸಿದ್ದೊಂದೇ ಆ ಬೆಳೆಯ ಫಲ.

“ಲೋಕಯ್ಯನ ಹತ್ತಿರ ನಿಜ ಹೇಳಿಬಿಡಿ,” ಎಂದರು ಕಮಲಕ್ಕ.

“ಶಾಲು ಹಾಕಿಸಿಕೊಂಡ ಮೇಲೆ ಹೇಗೆ ಹೇಳುವುದು?”

“ತೆಗೆದಿಟ್ಟು ಹೇಳಿ.”

ಮಾಷ್ಟ್ರಿಗೆ ಅದಕ್ಕಿಂತ ಕಷ್ಟದ ದಾರಿಯೇ ಸುಲಭವಾಗಿ ಕಂಡಿತು. ಹಬ್ಬದ ಮುನ್ನಾದಿನ ಕೋಯನ ಆಟೋ ಹತ್ತಿ ದೇಲಂಪಾಡಿಯ ಕಡೆಗೆ ಹೋದರು. ಅಲ್ಲಿ ಒಬ್ಬರು ಇನ್ನೂ ಗದ್ದೆ ಮಾಡುತ್ತಿದ್ದರು. ಕಾಲಿಗೆ ಬಿದ್ದು ಕೇಳಿ ಒಂದು ಹೊರೆ ತೆನೆ ಕೊಯ್ಯಿಸಿಕೊಂಡು ಗೋಣಿಯಲ್ಲಿ ಮುಚ್ಚಿ ಆಟೋಕ್ಕೆ ಹಾಕಿದರು.

“ಅಲ್ಲ ಮಾಷ್ಟ್ರೇ, ಭತ್ತಕ್ಕೆ ಶಾಲು ಸಿಕ್ಕಿದವರು ಬೇರೆಯವರ ತೆನೆ ಕೊಂಡುಹೋಗುವುದು ಎಂತಕ್ಕೆ?” ಎಂದು ಅರ್ಧ ದಾರಿಯಲ್ಲಿ ಕೋಯ ಕೇಳಿದ.

“ನಮ್ಮದರ ಜೊತೆ ಹೋಲಿಸಿ ನೋಡಲಿಕ್ಕೆ,” ಎಂದರು ಮಾಷ್ಟ್ರು. ಕೋಯ ಕನ್ನಡಿಯಲ್ಲಿ ಅವರನ್ನೊಮ್ಮೆ ನೋಡಿ ಗೇರ್ ಬದಲಾಯಿಸಿದ.

ಹಬ್ಬದ ಬೆಳಿಗ್ಗೆ ಬೆಳಕು ಹರಿಯುತ್ತಲೇ ಮಾಷ್ಟ್ರು ಮುಂಡು ಎತ್ತಿ ಕಟ್ಟಿ ಅಂಗಳಕ್ಕಿಳಿದರು. ಮೊಂಡೋ ಗುಚ್ಛದ ನಡುವೆ ಒಂದೊಂದೇ ತೆನೆಯ ದಂಟನ್ನು ಚುಚ್ಚಿ, ಮಣ್ಣು ಒತ್ತಿ, ಸ್ವಲ್ಪ ಬಗ್ಗಿಸಿ, ದೂರ ನಿಂತು ನೋಡಿ, ಮತ್ತೆ ಬಗ್ಗಿದರು. ಮೂವತ್ತು ತೆನೆಗೆ ಸೊಂಟ ಹಿಡಿಯಿತು. ಕಮಲಕ್ಕ ಒಂದು ಮಣೆ ತಂದಿಟ್ಟು ಒಳಗೆ ಹೋದರು. ಇನ್ನೂರು ಚಿಲ್ಲರೆ ತೆನೆ ನೆಟ್ಟು ಮುಗಿದು ಬಿಸಿಲು ಬಿದ್ದಾಗ ಅಂಗಳ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಮಾಷ್ಟ್ರಿಗೇ ಒಂದು ಗಳಿಗೆ ತಾನು ಬೆಳೆದದ್ದೇ ಹೌದೇನೋ ಅನ್ನಿಸಿ ಕಣ್ಣು ತುಂಬಿತು.

ಭಜನಾ ಮಂದಿರದಿಂದ ಶಂಖ, ತಾಳದ ಜೊತೆ ಜನ ಬಂದರು. ಮುಂದೆ ಲೋಕಯ್ಯ, ಕೈಯಲ್ಲಿ ಹರಿವಾಣ. ತೆನೆ ಕೊಯ್ಯುವ ಹಕ್ಕು ಊರಿನ ಹಿರಿಯ ಕೈಗೆ ಎಂದು ಅವನು ಕಿನ್ನಿಯ ಕೈಗೆ ಕತ್ತಿ ಕೊಟ್ಟ. ಹದಿನೈದು ವರ್ಷದ ಮೇಲೆ ಕತ್ತಿ ಹಿಡಿದ ಕಿನ್ನಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬಗ್ಗಿ ಮೊದಲ ತೆನೆಯನ್ನು ಎಡಗೈಯಲ್ಲಿ ಹಿಡಿದಳು. ಕತ್ತಿ ತಾಗುವ ಮೊದಲೇ ತೆನೆ ಕೈಗೆ ಬಂತು. ಎರಡನೆಯದು ಹಿಡಿದಳು, ಅದೂ ಬಂತು. ಮೂರನೆಯದನ್ನು ತಿರುಗಿಸಿ ಬುಡ ನೋಡಿದಳು. ನಿನ್ನೆಯ ಕೊಯ್ತ, ಒಣಗಿದ ಗಾಯ. ಶಂಖ ನಿಂತಿತು.

ಕಿನ್ನಿ ಮಾಷ್ಟ್ರ ಹತ್ತಿರ ಬಂದಳು. ಅವರ ಮಾನ ಕಾಯಬೇಕೆಂದು ಬಾಯಿಗೆ ಕೈ ಅಡ್ಡ ಹಿಡಿದು, ತನ್ನ ಲೆಕ್ಕದ ಪಿಸುದನಿಯಲ್ಲಿ ಕೇಳಿದಳು.

“ಮಾಷ್ಟ್ರೇ, ನೇಜಿ ನೆಟ್ಟದ್ದು ನಾನು. ತೆನೆ ನೆಟ್ಟದ್ದು ಯಾರು?”

ಅದು ಮಂದಿರದ ಹೆಂಚಿನವರೆಗೂ ಕೇಳಿಸಿತು. ಜನರ ನಡುವೆ ಲೋಕಯ್ಯನ ಮುಖ ಕಂಡಿತು, ನಾಲ್ಕನೇ ಕ್ಲಾಸಿನಲ್ಲಿ ಸಿಕ್ಕಿಬಿದ್ದಾಗ ಇದ್ದ ಅದೇ ಬಿಳಿಚಿದ ಮುಖ. ಈಗ ಊರು ನಗುವುದು ಅವನನ್ನು ನೋಡಿ. ತಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಅವನೇಕೆ ತಲೆ ತಗ್ಗಿಸಬೇಕು ಎಂದು ಮಾಷ್ಟ್ರಿಗೆ ನಿಜವಾಗಿ ನಾಚಿಕೆಯಾಯಿತು.

“ನಾನೇ ನೆಟ್ಟದ್ದು,” ಎಂದರು. “ಕೆಳಗೆ ಇರುವುದು ಭತ್ತ ಅಲ್ಲ, ಚೆಂದಕ್ಕೆ ಬೆಳೆಸುವ ಹುಲ್ಲು. ಲೋಕಯ್ಯನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.”

ಯಾರೋ ಕಿಸಕ್ಕೆಂದರು, ಆಮೇಲೆ ಅಂಗಳವೇ ನಕ್ಕಿತು. ಕೋಯನಂತೂ ಗೇಟು ಹಿಡಿದುಕೊಂಡು ನಕ್ಕ. ಕಿನ್ನಿಗೆ ಇದ್ಯಾವುದೂ ಕೇಳಿಸಲಿಲ್ಲ. ತೆನೆ ಎಲ್ಲಿಯದಾದರೂ ತೆನೆಯೇ ಎಂದು ಅವಳು ಒಂದೊಂದನ್ನೇ ಕಿತ್ತು ಹರಿವಾಣ ತುಂಬಿಸಿದಳು. ಆ ವರ್ಷವೂ ಎಲ್ಲ ಮನೆಗಳ ಕಂಬಕ್ಕೆ ತೆನೆ ಕಟ್ಟಿ ಆಯಿತು, ಪಾಯಸವೂ ಆಯಿತು. ಕೊನೆಗೆ ಹೊರಟ ಲೋಕಯ್ಯ ಜಗಲಿಯ ಹಳೇ ಬೆಂಚನ್ನು ಒಮ್ಮೆ ನೋಡಿದ, ಮಾಷ್ಟ್ರನ್ನು ಒಮ್ಮೆ ನೋಡಿದ, ಗೇಟು ದಾಟಿ ಹೋದ.

ಮುಂದಿನ ಆದಿತ್ಯವಾರ ಅಂಗಳದಲ್ಲಿ ನಾಲ್ಕು ಬಿದಿರು ಕಂಬ ನಿಂತವು. ಮೊಂಡೋ ಗ್ರಾಸನ್ನು ಕಮಲಕ್ಕ ಕೀಳಿಸಲಿಲ್ಲ. ಅದಕ್ಕೆ ನೆರಳು ಬೇಕಂತಲ್ಲ, ಬಸಳೆಯ ಅಡಿಯಲ್ಲಿ 'ಮೊಂಡು' ಹಿಡಿದು ಇರಲಿ ಎಂದರು. ಕಿನ್ನಿ ಮಾಷ್ಟ್ರ ಕುರ್ಚಿಯಲ್ಲಿ ಕೂತು ಗಂಟು ಹೇಗೆ ಹಾಕಬೇಕೆಂದು ಊರಿಗೆಲ್ಲ ಕೇಳುವ ಹಾಗೆ ಪಾಠ ಮಾಡಿದಳು. ಅಡ್ಡ ಸಲಾಕೆ ಕಟ್ಟಲು ಕೈ ಎಟುಕದೆ ಮಾಷ್ಟ್ರು ಜಗಲಿಯ ಬೆಂಚನ್ನು ತಂದಿಟ್ಟು ಅದರ ಮೇಲೆ ಹತ್ತಿದರು. ಸರಿಯಾಗಿ ಅದೇ ಹೊತ್ತಿಗೆ ಗೇಟಿನೆದುರು ಒಂದು ಸ್ಕೂಟರ್ ನಿಂತಿತು.

ಬೆಂಚಿನ ಮೇಲೆ, ಎರಡೂ ಕೈ ಮೇಲಕ್ಕೆತ್ತಿ ನಿಂತ ಗುರುಗಳನ್ನು ಲೋಕಯ್ಯ ಕಣ್ತುಂಬ ನೋಡಿದ. ವರದಿ ಆಗಲೇ ಮೇಲೆ ಹೋಗಿದೆ, ಅದರಲ್ಲಿ ಕೊಯ್ಲು ಕೂಡ ಆಗಿದೆ, ಇನ್ನು ಏನೂ ಮಾಡುವ ಹಾಗಿಲ್ಲ ಎಂದು ತಿಳಿಸಿದ. ಆಮೇಲೆ ಕೈಗಡಿಯಾರ ನೋಡಿಕೊಂಡ.

“ಒಂದು ಪೀರಿಯಡ್ ಸಾಕು ಮಾಷ್ಟ್ರೇ. ಆಮೇಲೆ ಇಳಿಯಬಹುದು,” ಎಂದು ಹೇಳಿ ಸ್ಕೂಟರ್ ಬಿಟ್ಟ.

ಮಾಷ್ಟ್ರು ಕೆಳಗೆ ನೋಡಲಿಲ್ಲ. ಕಮಲಕ್ಕ ಹಗ್ಗದ ತುದಿಯನ್ನು ಅವರ ಕೈಗೆ ಎತ್ತಿಕೊಟ್ಟರು.

“ಇದು ಬಸಳೆ, ಆಯ್ತಾ? ಚಪ್ಪರ ಚೆಂದ ಉಂಟು ಅಂತ ಯಾರಾದರೂ ಹೇಳಿದರೆ, ದ್ರಾಕ್ಷಿಯ ಅರ್ಜಿಗೆ ಸಹಿ ಹಾಕಿಕೊಡಬೇಡಿ.”